ಅಡುಗೆಮನೆಯ ಪಕ್ಕದಲ್ಲೊಂದು ಪ್ರಯೋಗಶಾಲೆ: ಅಮೆರಿಕದಲ್ಲಿ ಗೃಹವಿಜ್ಞಾನ ಶಿಕ್ಷಣ

ಗೃಹವಿಜ್ಞಾನ ಓದಿದವರಿಗೆ ಐದು ವಿಭಾಗಗಳ ಹೆಸರು ಬಾಯಿಪಾಠ: ಆಹಾರ ಮತ್ತು ಪೋಷಣೆ, ಜವಳಿ ಮತ್ತು ಉಡುಪು, ಮಾನವ ಅಭಿವೃದ್ಧಿ, ಕುಟುಂಬ ಸಂಪನ್ಮೂಲ ನಿರ್ವಹಣೆ, ವಿಸ್ತರಣಾ ಶಿಕ್ಷಣ. ಬೆಂಗಳೂರಿನಲ್ಲಿ ಓದಿದರೂ ಧಾರವಾಡದಲ್ಲಿ ಓದಿದರೂ ಚೌಕಟ್ಟು ಹೆಚ್ಚುಕಡಿಮೆ ಇದೇ. ಇದರ ಬುನಾದಿ ಹಾಕಿದವರು ಅಮೆರಿಕದ ಕೆಲವು ಅಧ್ಯಾಪಕಿಯರು. ಅವರಲ್ಲಿ ಹಲವರು ರಸಾಯನಶಾಸ್ತ್ರ ಓದಿದವರು. ಓದಿಗೆ ತಕ್ಕ ಕೆಲಸ ಬೇರೆಲ್ಲೂ ಸಿಗದೆ ಈ ಕಡೆ ಬಂದವರೂ ಅವರಲ್ಲಿದ್ದರು. ನಮ್ಮ ನೆಲದ ಸಂಸ್ಥೆಗಳ ಕಥೆಯನ್ನು ಈ ಸಂಚಿಕೆಯಲ್ಲಿ ಬೇರೆಯವರು ಬರೆಯುತ್ತಿರುವುದರಿಂದ ಅದರ ಹಿಂದಿನ ಅಧ್ಯಾಯವನ್ನು ನಾನು ಹೇಳುತ್ತೇನೆ. ಆ ಇತಿಹಾಸವನ್ನು ಓದಿದಷ್ಟೂ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದಿದೆ. ಕಾಲೇಜುಗಳಲ್ಲಿ ಈ ವಿಷಯ ಹೆಣ್ಣುಮಕ್ಕಳಿಗೆ ವಿಜ್ಞಾನದ ಬಾಗಿಲು ತೆರೆಯಿತು. ಶಾಲೆಗಳಲ್ಲಿ ಅದೇ ವಿಷಯ ಒಲೆ, ಹೊಲಿಗೆಯಂತ್ರಗಳ ನಡುವೆ ಕಿರಿದಾಗುತ್ತ ಹೋಯಿತು. ಎರಡರ ಹಿಂದೆಯೂ ಸರ್ಕಾರದ ಹಣವಿತ್ತು, ಹಣದ ಜೊತೆಗೆ ಬಂದ ಷರತ್ತುಗಳಿದ್ದವು.

ಕಾಲೇಜಿಗೂ ಮುಂಚೆ ಒಂದು ಪುಸ್ತಕವಿತ್ತು. ಕ್ಯಾಥರಿನ್ ಬೀಚರ್ 1841ರಲ್ಲಿ ಗೃಹ ನಿರ್ವಹಣೆಯ ಕುರಿತು ಬರೆದ ಗ್ರಂಥವನ್ನು ಮ್ಯಾಸಚೂಸೆಟ್ಸ್ ರಾಜ್ಯ ಶಾಲಾ ಪಠ್ಯವಾಗಿ ಒಪ್ಪಿಕೊಂಡಿತು. ಬೀಚರ್ ಮದುವೆಯಾಗಲಿಲ್ಲ, ಹೆಣ್ಣುಮಕ್ಕಳ ಶಾಲೆ ಕಟ್ಟಿ ನಡೆಸಿದವರು. ಮನೆ ನಡೆಸುವ ಕೆಲಸ ವಕೀಲಿ, ವೈದ್ಯಕೀಯಗಳಷ್ಟೇ ತರಬೇತಿ ಬೇಡುವ ವೃತ್ತಿ ಎಂಬುದು ಅವರ ವಾದ. ಆ ಪುಸ್ತಕದಲ್ಲಿ ಮೂಳೆ, ಸ್ನಾಯು, ಜೀರ್ಣಾಂಗಗಳ ಚಿತ್ರಗಳಿವೆ, ಗಾಳಿಬೆಳಕಿನ ವಿವರವಿದೆ. 1869ರಲ್ಲಿ ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಜೊತೆ ಸೇರಿ ಬರೆದ ಇನ್ನೊಂದು ಪುಸ್ತಕದಲ್ಲಿ ಅಡುಗೆಮನೆಯ ನಕ್ಷೆಯನ್ನೇ ಕೊಟ್ಟರು: ಹಿಟ್ಟಿನ ಡಬ್ಬ ಎಲ್ಲಿರಬೇಕು, ನೀರು ಎಲ್ಲಿ ಬೀಳಬೇಕು, ಕಟ್ಟೆಯ ಮೇಲೆ ಬೆಳಕು ಎತ್ತ ಕಡೆಯಿಂದ ಬರಬೇಕು. ಇಷ್ಟು ಮುಂದಾಲೋಚನೆಯಿದ್ದ ಬೀಚರ್ ಹೆಂಗಸರಿಗೆ ಮತದ ಹಕ್ಕು ಬೇಡವೆಂದವರು. ಮನೆಯೇ ಹೆಣ್ಣಿನ ಕ್ಷೇತ್ರ ಎಂಬ ಅವರ ನಂಬಿಕೆ ಈ ವಿಷಯದ ಜೊತೆಗೇ ಹುಟ್ಟಿತು, ಬಹುಕಾಲ ಜೊತೆಗೇ ಉಳಿಯಿತು.

1862ರ ಜುಲೈ 2ರಂದು ಅಧ್ಯಕ್ಷ ಲಿಂಕನ್ ಮಾರಿಲ್ ಕಾಯಿದೆಗೆ ಸಹಿ ಹಾಕಿದರು. ಪ್ರತಿ ರಾಜ್ಯಕ್ಕೂ ಅದರ ಸೆನೆಟರ್ ಮತ್ತು ಪ್ರತಿನಿಧಿಗಳ ತಲೆಗೆ 30,000 ಎಕರೆಯಂತೆ ಜಮೀನು. ಅದನ್ನು ಮಾರಿ ಬಂದ ಹಣದಲ್ಲಿ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕು. ಅವೇ ಲ್ಯಾಂಡ್‌ಗ್ರಾಂಟ್ ಕಾಲೇಜುಗಳು. ಆ ಜಮೀನಿನ ಬಹುಪಾಲು ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನು ಈಚಿನ ಸಂಶೋಧನೆಗಳು ಎಕರೆ ಲೆಕ್ಕದಲ್ಲಿ ತೋರಿಸಿವೆ. ರೈತರ ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳೂ ಈ ಕಾಲೇಜುಗಳಿಗೆ ಬಂದರು. ಅವರಿಗೆ ಏನು ಕಲಿಸುವುದು ಎಂಬ ಪ್ರಶ್ನೆಯಿಂದಲೇ ನಮ್ಮ ವಿಷಯ ಕಾಲೇಜಿನ ಮೆಟ್ಟಿಲು ಹತ್ತಿತು. ಅಯೋವಾದಲ್ಲಿ ಕಾಲೇಜಿನ ಅಧ್ಯಕ್ಷರ ಪತ್ನಿ ಮೇರಿ ವೆಲ್ಚ್ 1870ರ ದಶಕದ ಮೊದಲಲ್ಲೇ ಗೃಹ ನಿರ್ವಹಣೆಯ ಉಪನ್ಯಾಸ ಆರಂಭಿಸಿದರು. ಕಾನ್ಸಸ್‌ನಲ್ಲಿ 1873ರಲ್ಲಿ ಹೊಲಿಗೆ ಬಂತು. ಇಲಿನಾಯ್‌ನಲ್ಲಿ 1874ರಲ್ಲಿ ಲೂ ಆ್ಯಲೆನ್ ರಸಾಯನಶಾಸ್ತ್ರವನ್ನೂ ಒಳಗೊಂಡ ಪೂರ್ಣ ಪದವಿಯ ಶಿಕ್ಷಣ ರೂಪಿಸಿದರು. 1880ರಲ್ಲಿ ಅವರು ಕೆಲಸ ಬಿಟ್ಟಾಗ ವಿಭಾಗವೂ ಮುಚ್ಚಿತು. ಒಬ್ಬ ವ್ಯಕ್ತಿಯ ಬೆನ್ನ ಮೇಲೆ ನಿಂತ ವಿಭಾಗದ ಪಾಡು ಎಲ್ಲ ಊರಲ್ಲೂ ಅದೇ.

ಅದೇ ಹೊತ್ತಿಗೆ ನಗರಗಳಲ್ಲಿ ಅಡುಗೆ ಶಾಲೆಗಳು ಎದ್ದವು. 1879ರಲ್ಲಿ ಶುರುವಾದ ಬಾಸ್ಟನ್ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ 1896ರ ತಮ್ಮ ಪುಸ್ತಕದಲ್ಲಿ ಕಪ್ಪು, ಚಮಚಗಳನ್ನು ಅಂಚಿಗೆ ಸಮವಾಗಿ ತುಂಬಿ ಅಳೆಯಬೇಕೆಂದು ಹಟ ಹಿಡಿದರು. ಕೈಯಂದಾಜಿನ ಅಡುಗೆ ಅಳತೆಯ ಅಡುಗೆಯಾದದ್ದು ಅಲ್ಲಿಂದ. ಆದರೆ ವಿಷಯಕ್ಕೆ ವಿಜ್ಞಾನದ ತಳಹದಿ ಬಂದದ್ದು ಅಡುಗೆ ಶಾಲೆಯಿಂದಲ್ಲ, ಅದೇ ಬಾಸ್ಟನ್ನಿನ ತಂತ್ರಜ್ಞಾನ ಸಂಸ್ಥೆ ಎಂಐಟಿಯಿಂದ.

ಎಲೆನ್ ಸ್ವಾಲೋ 1842ರಲ್ಲಿ ಮ್ಯಾಸಚೂಸೆಟ್ಸ್‌ನ ಡನ್‌ಸ್ಟೇಬಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. 1870ರಲ್ಲಿ ವ್ಯಾಸರ್ ಕಾಲೇಜಿನ ಪದವಿ ಮುಗಿಸಿ ರಸಾಯನಶಾಸ್ತ್ರ ಮುಂದುವರಿಸಬೇಕೆಂದು ಎಂಐಟಿಗೆ ಅರ್ಜಿ ಹಾಕಿದರು. ಅಲ್ಲಿಯವರೆಗೆ ಅಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಸಂಸ್ಥೆ ಅವರನ್ನು ವಿಶೇಷ ವಿದ್ಯಾರ್ಥಿನಿ ಎಂದು ಸೇರಿಸಿಕೊಂಡು ಶುಲ್ಕ ಬೇಡವೆಂದಿತು. ತಮ್ಮ ಬಡತನ ನೋಡಿ ಮಾಡಿದ ಉಪಕಾರವೆಂದು ಅವರು ತಿಳಿದಿದ್ದರು. ಯಾರಾದರೂ ಆಕ್ಷೇಪವೆತ್ತಿದರೆ ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ ಎನ್ನಲು ಅನುಕೂಲವಾಗಲಿ ಎಂಬುದು ಅದರ ಹಿಂದಿನ ಲೆಕ್ಕವೆಂದು ಆಮೇಲೆ ಗೊತ್ತಾಯಿತು. 1873ರಲ್ಲಿ ಅವರು ಅಲ್ಲಿಂದ ಪದವಿ ಪಡೆದರು. ಗಣಿ ಎಂಜಿನಿಯರಿಂಗ್ ಪ್ರಾಧ್ಯಾಪಕ ರಾಬರ್ಟ್ ರಿಚರ್ಡ್ಸ್ ಅವರನ್ನು ಮದುವೆಯಾಗಿ ಎಲೆನ್ ರಿಚರ್ಡ್ಸ್ ಆದರು.

1876ರಲ್ಲಿ ಬಾಸ್ಟನ್ನಿನ ಮಹಿಳಾ ಶಿಕ್ಷಣ ಸಂಘದ ಹಣದಿಂದ ಎಂಐಟಿಯಲ್ಲಿ ಮಹಿಳಾ ಪ್ರಯೋಗಶಾಲೆ ತೆರೆಯಿತು. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕಿಯರು. ರಿಚರ್ಡ್ಸ್ ಅಲ್ಲಿ ಸಂಬಳವಿಲ್ಲದೆ ದುಡಿದರು. 1884ರಿಂದ ಕೊನೆಯವರೆಗೂ ಅವರು ಎಂಐಟಿಯಲ್ಲಿ ನೈರ್ಮಲ್ಯ ರಸಾಯನಶಾಸ್ತ್ರದ ಬೋಧಕಿ. ಪ್ರಾಧ್ಯಾಪಕಿ ಎಂಬ ಪದವಿ ಸಿಗಲಿಲ್ಲ. 1887ರಲ್ಲಿ ಶುರುವಾದ ರಾಜ್ಯದ ನೀರಿನ ಸಮೀಕ್ಷೆಯಲ್ಲಿ ಸಾವಿರಾರು ಮಾದರಿಗಳು ಅವರ ಮೇಜಿಗೆ ಬಂದವು. ಸಮುದ್ರದಿಂದ ದೂರ ಹೋದಂತೆ ಶುದ್ಧ ನೀರಿನಲ್ಲಿ ಕ್ಲೋರೈಡ್ ಎಷ್ಟಿರಬೇಕು ಎಂಬುದನ್ನು ಅವರು ನಕ್ಷೆಯ ಮೇಲೆ ಗೆರೆಗಳಾಗಿ ಎಳೆದರು. ಯಾವುದಾದರೂ ಬಾವಿಯ ನೀರಿನಲ್ಲಿ ಆ ಗೆರೆ ಹೇಳಿದ್ದಕ್ಕಿಂತ ಹೆಚ್ಚು ಕ್ಲೋರೈಡ್ ಕಂಡರೆ ಚರಂಡಿ ಸೇರುತ್ತಿದೆಯೆಂದು ಅನುಮಾನಿಸಬಹುದಿತ್ತು. ಈ ನಕ್ಷೆ ಮಾಡಿದವರೇ 1882ರಲ್ಲಿ ಅಡುಗೆ ಮತ್ತು ಶುಚಿಯ ರಸಾಯನಶಾಸ್ತ್ರ ಎಂಬ ಪುಟ್ಟ ಪುಸ್ತಕ ಬರೆದವರು ಎಂಬುದನ್ನು ಮರೆಯಬಾರದು. ಅವರ ಮಟ್ಟಿಗೆ ಮನೆಯ ಕೊಡ ಮತ್ತು ಊರಿನ ಜಲಾಶಯ ಒಂದೇ ಪ್ರಶ್ನೆಯ ಎರಡು ತುದಿಗಳು.

1890ರ ಜನವರಿಯಲ್ಲಿ ರಿಚರ್ಡ್ಸ್ ಮತ್ತು ಮೇರಿ ಹಿನ್‌ಮನ್ ಏಬಲ್ ಬಾಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ಕಿಚನ್ ತೆರೆದರು. ಕೂಲಿಕಾರರ ಮನೆಗಳಿಗೆ ಅಗ್ಗದ, ಪುಷ್ಟಿಕರವಾದ ಊಟ ಮಾರುವುದು ಉದ್ದೇಶ. ಎಡ್ವರ್ಡ್ ಆಟ್‌ಕಿನ್‌ಸನ್ ರೂಪಿಸಿದ ಅಲಾದ್ದೀನ್ ಒಲೆಯನ್ನು ಅಲ್ಲಿ ಬಳಸಿದರು: ಶಾಖ ಹೊರಹೋಗದಂತೆ ಕಟ್ಟಿದ ಪೆಟ್ಟಿಗೆ, ಕೆಳಗೊಂದು ಸೀಮೆಎಣ್ಣೆ ದೀಪ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದರೆ ಅಗ್ಗದ ಮಾಂಸವೂ ಮೆತ್ತಗಾಗುತ್ತಿತ್ತು. ದನದ ಮಾಂಸದ ಸಾರು, ಬಟಾಣಿ ಸೂಪು, ಜೋಳದ ಗಂಜಿ ಇವೆಲ್ಲ ಪ್ರತಿದಿನವೂ ಒಂದೇ ರುಚಿ, ಒಂದೇ ಸತ್ವ ಕೊಡುವವರೆಗೆ ಪ್ರಯೋಗ ಮಾಡಿ ಮಾರಾಟಕ್ಕಿಟ್ಟರು. ಐರ್ಲೆಂಡಿನಿಂದ, ಇಟಲಿಯಿಂದ, ಪೂರ್ವ ಯೂರೋಪಿನಿಂದ ಬಂದ ವಲಸಿಗರು ಮಾತ್ರ ಅತ್ತ ತಿರುಗಿ ನೋಡಲಿಲ್ಲ. ಅವರಿಗೆ ತಮ್ಮ ಊರಿನ ಬೆಳ್ಳುಳ್ಳಿ, ತಮ್ಮ ಊರಿನ ರೊಟ್ಟಿ ಬೇಕಿತ್ತು. ಪೋಷಕಾಂಶದ ಲೆಕ್ಕ ಸರಿಯಿತ್ತು, ನಾಲಿಗೆಯ ಲೆಕ್ಕ ತಪ್ಪಿತ್ತು. ಈ ಪ್ರಸಂಗವನ್ನು ಪೋಷಣೆ ಕಲಿಯುವ ಪ್ರತಿ ವಿದ್ಯಾರ್ಥಿಗೂ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಜನ ಏನು ತಿನ್ನುತ್ತಾರೆಂದು ಕೇಳದೆ ಏನು ತಿನ್ನಬೇಕೆಂದು ಹೇಳುವ ಚಾಳಿ ನಮ್ಮ ವಿಸ್ತರಣಾ ಕಾರ್ಯಕ್ರಮಗಳಲ್ಲೂ ಇದೆ. ಬಡವರ ಮನೆಗೆ ತಲುಪದ ಆ ಅಡುಗೆಮನೆ 1894ರಿಂದ ಬಾಸ್ಟನ್ನಿನ ಪ್ರೌಢಶಾಲೆಗಳಿಗೆ ಮಧ್ಯಾಹ್ನದ ಊಟ ಕಳಿಸತೊಡಗಿತು. ಅದರ ಹಿಂದಿನ ವರ್ಷ ಷಿಕಾಗೋ ಮಹಾಮೇಳದಲ್ಲಿ ರಿಚರ್ಡ್ಸ್ ನಡೆಸಿದ ರಮ್‌ಫರ್ಡ್ ಕಿಚನ್‌ನಲ್ಲಿ ಊಟದ ಪಟ್ಟಿಯ ಜೊತೆಗೆ ಅದರ ಪೋಷಕಾಂಶಗಳ ಲೆಕ್ಕವನ್ನೂ ಬರೆದು ತೋರಿಸಿದ್ದರು. ವಿಲ್ಬರ್ ಆಟ್‌ವಾಟರ್ ಅಮೆರಿಕದ ಆಹಾರ ಪದಾರ್ಥಗಳ ಕೋಷ್ಟಕ ಹೊರತಂದದ್ದು 1896ರಲ್ಲಿ. ಅಲ್ಲಿಂದಾಚೆ ಗೃಹವಿಜ್ಞಾನದ ತರಗತಿಗಳಿಗೆ ಲೆಕ್ಕ ಹಾಕಲು ಅಂಕಿ ಸಿಕ್ಕಿತು.

1899ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಎಂಬ ಗುಡ್ಡಗಾಡಿನ ಊರಿನಲ್ಲಿ ಹನ್ನೊಂದು ಮಂದಿ ಸೇರಿದರು. ಕರೆದವರು ಮೆಲ್ವಿಲ್ ಡ್ಯೂಯಿ ಮತ್ತು ಆ್ಯನಿ ಡ್ಯೂಯಿ ದಂಪತಿ. ಗ್ರಂಥಾಲಯಗಳ ದಶಮಾಂಶ ವರ್ಗೀಕರಣ ಮಾಡಿದ ಡ್ಯೂಯಿ ಇವರೇ. ಇಂದು ನಮ್ಮ ಗ್ರಂಥಾಲಯಗಳಲ್ಲಿ ಗೃಹವಿಜ್ಞಾನಕ್ಕಿರುವ 640 ಎಂಬ ಅಂಕಿ ಅವರ ಪದ್ಧತಿಯದು. ಹೊಸ ವಿಷಯಕ್ಕೆ ಏನು ಹೆಸರಿಡುವುದು, ಯಾವ ತರಗತಿಯಿಂದ ಕಲಿಸುವುದು, ಕಾಲೇಜು ಪ್ರವೇಶಕ್ಕೆ ಅದನ್ನು ಗಣಿಸುವಂತೆ ಮಾಡುವುದು ಹೇಗೆ ಎಂಬ ಚರ್ಚೆ ನಡೆಯಿತು. ಹೋಮ್ ಎಕನಾಮಿಕ್ಸ್ ಎಂಬ ಹೆಸರು ಅಲ್ಲಿ ನಿಂತಿತು. 1908ರವರೆಗೆ ಹತ್ತು ಸಮ್ಮೇಳನಗಳಾದವು. ಆ ಡಿಸೆಂಬರ್ ಕೊನೆಗೆ ವಾಷಿಂಗ್ಟನ್‌ನಲ್ಲಿ ಅಮೆರಿಕನ್ ಹೋಮ್ ಎಕನಾಮಿಕ್ಸ್ ಅಸೋಸಿಯೇಷನ್ ಹುಟ್ಟಿತು, ರಿಚರ್ಡ್ಸ್ ಮೊದಲ ಅಧ್ಯಕ್ಷೆಯಾದರು, 1909ರಲ್ಲಿ ಸಂಘದ ಪತ್ರಿಕೆ ಶುರುವಾಯಿತು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಡ್ಯೂಯಿ ದಂಪತಿಯ ಲೇಕ್ ಪ್ಲಾಸಿಡ್ ಕ್ಲಬ್ ಯಹೂದಿಗಳಿಗೂ ಕಪ್ಪುಜನರಿಗೂ ಬಾಗಿಲು ಮುಚ್ಚಿತ್ತು. ಮನೆಯ ಸುಧಾರಣೆಯಿಂದ ಸಮಾಜದ ಸುಧಾರಣೆ ಎಂದು ಅಲ್ಲಿ ಕೂತವರು ಹೇಳುವಾಗ ಯಾವ ಮನೆಗಳು ಅವರ ಕಣ್ಣ ಮುಂದಿದ್ದವು, ಯಾವುವು ಇರಲಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ರಿಚರ್ಡ್ಸ್ 1911ರ ಮಾರ್ಚ್ 30ರಂದು ತೀರಿಕೊಂಡರು.

ಈ ವಿಷಯ ಒಂದು ಸಂಸ್ಥೆಯಾಗಿ ಹೇಗೆ ಬೆಳೆಯಿತೆಂದು ನೋಡಲು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. 1900ರಲ್ಲಿ ಕೃಷಿ ವಿಭಾಗದ ಲಿಬರ್ಟಿ ಹೈಡ್ ಬೈಲಿ ರೈತರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ರೈತರ ಮನೆಯ ಹೆಂಗಸರಿಗೂ ಅಂಥದ್ದೊಂದು ಬೇಕೆಂದು ಕೌಂಟಿಯೊಂದರಲ್ಲಿ ಶಾಲಾ ಅಧಿಕಾರಿಯಾಗಿದ್ದ ಮಾರ್ತಾ ವಾನ್ ರೆನ್ಸೆಲೇರ್ ಅವರನ್ನು ಕರೆತಂದರು. ಆಕೆಗೆ ಸಿಕ್ಕಿದ್ದು ನೆಲಮಾಳಿಗೆಯ ಒಂದು ಕೋಣೆ. ಮೊದಲು ಮಾಡಿದ ಕೆಲಸ ಪತ್ರ ಬರೆದು ಕೇಳಿದ್ದು: ನಿಮ್ಮ ಕೆಲಸದಲ್ಲಿ ಅತಿ ಕಷ್ಟ ಯಾವುದು? ಉತ್ತರಗಳು ರಾಶಿ ಬಿದ್ದವು. ನೀರು ಹೊರುವುದು, ಮೆಟ್ಟಿಲು ಹತ್ತಿ ಇಳಿಯುವುದು, ಮಾತಿಗೆ ಜನವಿಲ್ಲದ ಚಳಿಗಾಲ. 1901ರ ಮೊದಲ ಪುಸ್ತಿಕೆ ಅಡುಗೆಮನೆಯಲ್ಲಿ ಹೆಜ್ಜೆ ಉಳಿಸುವ ಬಗ್ಗೆ. ನ್ಯೂ ಇಂಗ್ಲೆಂಡ್ ಕಿಚನ್ ಎಡವಿದ ಕಡೆ ಕಾರ್ನೆಲ್ ಗಟ್ಟಿಯಾಗಿ ಹೆಜ್ಜೆಯೂರಿದ್ದು ಹೀಗೆ, ಮೊದಲು ಕೇಳಿ ಆಮೇಲೆ ಹೇಳಿದ್ದರಿಂದ.

ವಾನ್ ರೆನ್ಸೆಲೇರ್ ಅವರಿಗೆ ಪಾತ್ರೆ ಒರೆಸುವ ಬಟ್ಟೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಕುರಿತು ಒಂದು ಪಾಠ ಬರೆಯಬೇಕೆನ್ನಿಸಿತು. ವಿಶ್ವವಿದ್ಯಾಲಯದ ಬ್ಯಾಕ್ಟೀರಿಯಾತಜ್ಞರನ್ನು ಕೇಳಿದರೆ, ಹೆಂಗಸರಿಗೆ ಬ್ಯಾಕ್ಟೀರಿಯಾ ಏಕೆ, ಬಟ್ಟೆ ಚೊಕ್ಕಟವಾಗಿದ್ದರೆ ಚೆಂದ ಎಂದು ಹೇಳಿಕೊಡಿ ಸಾಕು ಎಂಬ ಧಾಟಿಯ ಉತ್ತರ ಬಂತು. ಆಕೆ ಅದಕ್ಕೆ ಸೊಪ್ಪು ಹಾಕಲಿಲ್ಲ. ರೋಗಾಣು ಹೇಗೆ ಬೆಳೆಯುತ್ತದೆ, ಕುದಿನೀರು ಏನು ಮಾಡುತ್ತದೆ ಎಂಬುದನ್ನು ರೈತ ಮಹಿಳೆಯರಿಗೆ ವಿವರವಾಗಿಯೇ ತಿಳಿಸಿದರು. 1907ರಲ್ಲಿ ಪೋಷಣೆ ಓದಿದ ಫ್ಲೋರಾ ರೋಸ್ ಜೊತೆಗೂಡಿದರು, ವಿಭಾಗವಾಯಿತು. ಈ ಇಬ್ಬರೂ ಮುಂದೆ ಕಾಲು ಶತಮಾನ ಜೋಡಿಯಾಗಿ ಅದನ್ನು ನಡೆಸಿದರು. 1911ರಲ್ಲಿ ಅವರಿಗೆ ಪ್ರಾಧ್ಯಾಪಕ ಹುದ್ದೆ ಕೊಡುವ ಮಾತು ಬಂದಾಗ ಕಾರ್ನೆಲ್ ಅಧ್ಯಾಪಕ ವರ್ಗ ಮಾಡಿದ ನಿರ್ಣಯದ ತಾತ್ಪರ್ಯ ಹೀಗಿತ್ತು: ಹೆಂಗಸರನ್ನು ಪ್ರಾಧ್ಯಾಪಕರಾಗಿ ನೇಮಿಸುವುದನ್ನು ಸಾಮಾನ್ಯವಾಗಿ ನಾವು ಮೆಚ್ಚುವುದಿಲ್ಲ, ಆದರೂ ಹೋಮ್ ಎಕನಾಮಿಕ್ಸ್ ವಿಭಾಗದಲ್ಲಾದರೆ ಅಡ್ಡಿಯಿಲ್ಲ. ಅಮೆರಿಕದ ವಿಜ್ಞಾನದಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಜಾಗವಿತ್ತು, ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಬೇಕಿಲ್ಲ. 1925ರಲ್ಲಿ ಅದು ರಾಜ್ಯದ ಪೂರ್ಣ ಕಾಲೇಜಾಯಿತು. 1932ರಲ್ಲಿ ವಾನ್ ರೆನ್ಸೆಲೇರ್ ತೀರಿಕೊಂಡರು. ಮರುವರ್ಷ ಸಿದ್ಧವಾದ ದೊಡ್ಡ ಕಟ್ಟಡಕ್ಕೆ ಅವರ ಹೆಸರಿಟ್ಟರು.

ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ರೋಸ್ ಮತ್ತು ಸಂಗಡಿಗರು ಹಾಲಿನ ಪುಡಿ ಬೆರೆಸಿದ ಅಗ್ಗದ ಧಾನ್ಯದ ಹಿಟ್ಟು ಮಿಲ್ಕಾರ್ನೋ ತಯಾರಿಸಿದರು, ಬಡ ಕುಟುಂಬಗಳಿಗೆ ವಾರದ ಊಟದ ಪಟ್ಟಿ ರಚಿಸಿದರು. ಆ ಕಾಲೇಜಿನ ಹಿತೈಷಿಯಾಗಿದ್ದ, ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ 1933ರಲ್ಲಿ ಶ್ವೇತಭವನದಲ್ಲಿ ಇದೇ ಪಟ್ಟಿಯ ಮಧ್ಯಾಹ್ನದೂಟ ಬಡಿಸಿದರು: ಟೊಮೆಟೊ ಸಾಸ್‌ನಲ್ಲಿ ಮೊಟ್ಟೆ, ಕಿವುಚಿದ ಆಲೂಗೆಡ್ಡೆ, ಒಣಹಣ್ಣಿನ ಪುಡಿಂಗ್. ಒಬ್ಬರಿಗೆ ಏಳೂವರೆ ಸೆಂಟ್ ಖರ್ಚು. ದೇಶದ ಅಧ್ಯಕ್ಷರ ಮನೆಯಲ್ಲೇ ಉಣ್ಣುವ ಊಟವೆಂದ ಮೇಲೆ ಬಡವರ ಪಾಲಿನದೆಂದು ಮೂಗು ಮುರಿಯುವಂತಿರಲಿಲ್ಲ.

ಕಾರ್ನೆಲ್‌ನ ಇನ್ನೊಂದು ಪ್ರಯೋಗದ ಬಗ್ಗೆ ಓದುವಾಗ ನನಗೆ ಇಂದಿಗೂ ಕಸಿವಿಸಿಯಾಗುತ್ತದೆ. ಹಲವು ಕಾಲೇಜುಗಳಲ್ಲಿ ಅಭ್ಯಾಸದ ಮನೆಗಳಿದ್ದವು. ಕೆಲವೇ ವಿದ್ಯಾರ್ಥಿನಿಯರು ಕೆಲವು ವಾರ ಅಲ್ಲಿದ್ದು ಸರದಿಯಂತೆ ಅಡುಗೆ, ಲೆಕ್ಕ, ಶುಚಿ, ಅತಿಥಿ ಸತ್ಕಾರ ನೋಡಿಕೊಳ್ಳಬೇಕು. ಸುಮಾರು 1920ರ ಹೊತ್ತಿಗೆ ಕಾರ್ನೆಲ್ ಆ ಮನೆಗೆ ಒಂದು ಕೂಸನ್ನೂ ತಂದಿತು. ಅನಾಥಾಲಯಗಳಿಂದ, ಸಾಕಲಾಗದ ಮನೆಗಳಿಂದ ಬಂದ ಶಿಶುಗಳು. ಮೊದಲ ಮಗುವಿಗೆ ಡಿಕಿ ಡೊಮೆಕಾನ್ ಎಂದು ಹೆಸರು. ಡೊಮೆಸ್ಟಿಕ್ ಎಕಾನಮಿಯ ಮೊಟಕು ರೂಪವೇ ಆ ಮಕ್ಕಳ ಮನೆತನದ ಹೆಸರಾಯಿತು. ಯಾವ ಗಂಟೆಗೆ ಹಾಲು, ಎಷ್ಟು ಹಾಲು, ತೂಕ ಎಷ್ಟು ಏರಿತು, ಎಷ್ಟು ಹೊತ್ತು ನಿದ್ದೆ, ಎಲ್ಲದಕ್ಕೂ ಪುಸ್ತಕದಲ್ಲಿ ದಾಖಲೆ. ಸೊರಗಿ ಬಂದ ಮಕ್ಕಳು ಮೈತುಂಬಿಕೊಂಡು ಹೋದರು, ವಿಜ್ಞಾನದ ಪ್ರಕಾರ ಬೆಳೆದ ಮಗುವೆಂದು ದತ್ತು ಕೇಳುವವರಿಗೂ ಬರವಿರಲಿಲ್ಲ. ಆದರೆ ಸರದಿ ಮುಗಿದಂತೆಲ್ಲ ತಾಯಿ ಬದಲಾಗುತ್ತಿದ್ದಳು. ಎಳೆಗೂಸಿಗೆ ಒಬ್ಬರ ಆಸರೆ ಎಷ್ಟು ಮುಖ್ಯವೆಂದು ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟ ಮೇಲೆ, 1950ರ ದಶಕದಲ್ಲಿ, ಈ ಪದ್ಧತಿ ಮುಗಿಯಿತು. ಮಕ್ಕಳನ್ನು ತಾಯ್ತಂದೆಯರ ಜೊತೆಗಿಟ್ಟೇ ಗಮನಿಸುವ ಶಿಶುವಿಹಾರಗಳು ಅದರ ಜಾಗಕ್ಕೆ ಬಂದವು, ನಮ್ಮ ಕಾಲೇಜುಗಳು ಅನುಸರಿಸಿದ್ದೂ ಆ ಮಾದರಿಯನ್ನೇ.

ಉಳಿದ ವಿಶ್ವವಿದ್ಯಾಲಯಗಳಲ್ಲಿ ವಿಷಯ ಬೇರೆ ಬೇರೆ ದಿಕ್ಕಿಗೆ ಕವಲೊಡೆಯಿತು. ಇಲಿನಾಯ್‌ನಲ್ಲಿ ಮುಚ್ಚಿಹೋಗಿದ್ದ ವಿಭಾಗವನ್ನು 1900ರಲ್ಲಿ ಮತ್ತೆ ಕಟ್ಟಿದ ಇಸಬೆಲ್ ಬೆವಿಯರ್ ರಸಾಯನಶಾಸ್ತ್ರ ಬಾರದವರಿಗೆ ಪದವಿಯಿಲ್ಲ ಎಂದರು. ಮಾಂಸ ಬೆಂದಿತೇ ಎಂದು ನೋಡಲು ಅದರೊಳಗೆ ಥರ್ಮಾಮೀಟರ್ ಚುಚ್ಚಿ ಅಳೆದ ಪ್ರಯೋಗಗಳು ಅವರ ವಿಭಾಗದವು. ಬರ್ಕಲಿಯ ಆಗ್ನೆಸ್ ಫೇ ಮಾರ್ಗನ್ ವಿಟಮಿನ್‌ಗಳ ಮೇಲೆ ದೊಡ್ಡ ಸಂಶೋಧನೆ ಮಾಡಿದರು. ಅವರು 1954ರಲ್ಲಿ ನಿವೃತ್ತರಾದ ಮೇಲೆ ಅಲ್ಲಿ ಹೋಮ್ ಎಕನಾಮಿಕ್ಸ್ ಉಳಿಯಲಿಲ್ಲ, ಪೋಷಣಾ ವಿಜ್ಞಾನವಷ್ಟೇ ಮುಂದುವರಿಯಿತು. ಷಿಕಾಗೋದಲ್ಲಿ ಓದಿದ ಹೇಜಲ್ ಕಿರ್ಕ್ 1923ರಲ್ಲಿ ಅನುಭೋಗದ ಸಿದ್ಧಾಂತ ಬರೆದರು. ಮಾರ್ಗರೆಟ್ ರೀಡ್ 1934ರಲ್ಲಿ ಮನೆಯೊಳಗಿನ ಉತ್ಪಾದನೆಯ ಅರ್ಥಶಾಸ್ತ್ರ ಬರೆದರು. ಸಂಬಳ ಕೊಟ್ಟು ಇನ್ನೊಬ್ಬರಿಂದ ಮಾಡಿಸಬಹುದಾದ ಮನೆಗೆಲಸವೆಲ್ಲ ಉತ್ಪಾದನೆಯೇ ಎಂಬ ರೀಡ್ ಅವರ ಸೂತ್ರವನ್ನು ಇಂದು ಜಗತ್ತಿನ ಸಮಯ ಬಳಕೆಯ ಸಮೀಕ್ಷೆಗಳು ಹಿಡಿದು ನಡೆಯುತ್ತಿವೆ. ಗೃಹಿಣಿಯ ದುಡಿಮೆಗೆ ಲೆಕ್ಕವಿಲ್ಲ ಎಂದು ನಾವು ಇಂದು ಆಡುವ ಮಾತಿಗೆ ತೊಂಬತ್ತು ವರ್ಷಗಳ ಹಿಂದೆಯೇ ಶಾಸ್ತ್ರ ಕಟ್ಟಿದವರು ಇವರು.

ಶಾಲೆಗಳ ಕಡೆ ತಿರುಗಿದರೆ ನೋಟವೇ ಬೇರೆ. 1914ರ ಸ್ಮಿತ್–ಲಿವರ್ ಕಾಯಿದೆ ವಿಸ್ತರಣಾ ಕೆಲಸಕ್ಕೆ ಹಣ ಕೊಟ್ಟಿತು; ಹಳ್ಳಿ ಹಳ್ಳಿಗೆ ಹೋಗಿ ಡಬ್ಬಿಯಲ್ಲಿ ತರಕಾರಿ ಕಾಪಿಡುವುದನ್ನು ಕಲಿಸುವ ಗೃಹ ಪ್ರಾತ್ಯಕ್ಷಿಕೆ ಕಾರ್ಯಕರ್ತೆಯರು ಬಂದರು. 1917ರ ಫೆಬ್ರವರಿಯ ಸ್ಮಿತ್–ಹ್ಯೂಸ್ ಕಾಯಿದೆ ಪ್ರೌಢಶಾಲೆಗಳಿಗೆ ಹಣ ತಂದಿತು, ಆದರೆ ವೃತ್ತಿಶಿಕ್ಷಣದ ಹೆಸರಿನಲ್ಲಿ. ಕೈಗಾರಿಕಾ ವಿಷಯಗಳ ಶಿಕ್ಷಕರ ಸಂಬಳಕ್ಕಿಟ್ಟ ಹಣದಲ್ಲಿ ಶೇ. 20ಕ್ಕಿಂತ ಹೆಚ್ಚನ್ನು ಹೋಮ್ ಎಕನಾಮಿಕ್ಸ್‌ಗೆ ಕೊಡಬಾರದೆಂದು ಮಿತಿಯನ್ನೂ ಹಾಕಿತು. ಗಂಡುಹುಡುಗರಿಗೆ ಕೃಷಿ, ಕಮ್ಮಾರಿಕೆ, ಯಂತ್ರಗಳು. ಹುಡುಗಿಯರ ಭಾವೀ ಉದ್ಯೋಗ ಗೃಹಿಣಿತನ. ರಿಚರ್ಡ್ಸ್ ಕಂಡಿದ್ದ ಕನಸು ಎಲ್ಲರಿಗೂ ಬೇಕಾದ ಸಾಮಾನ್ಯ ಶಿಕ್ಷಣದ್ದು: ನೀರು, ಗಾಳಿ, ಆಹಾರ, ಹಣ ಇವುಗಳ ವಿವೇಕ. ಕಾಯಿದೆ ಅದನ್ನು ಹುಡುಗಿಯರ ಕಸುಬಾಗಿಸಿತು. ಶಾಲೆಗಳಿಗೆ ಹಣ ಬೇಕಿತ್ತು, ಷ‌ರತ್ತಿಗೆ ಒಪ್ಪಿದವು. ಸಾವಿರಾರು ಶಿಕ್ಷಕಿಯರಿಗೆ ಕೆಲಸ ಸಿಕ್ಕಿತು, ಊರೂರಿನ ಪ್ರೌಢಶಾಲೆಗಳಲ್ಲಿ ಸಾಲು ಒಲೆ, ಸಾಲು ಹೊಲಿಗೆಯಂತ್ರ ಬಂದವು. ಅಡುಗೆಯಲ್ಲಿ ಮೊದಲ ಪಾಠ ಹಿಟ್ಟು, ಬೆಣ್ಣೆ, ಹಾಲು ಸೇರಿಸಿ ಗಂಟಾಗದಂತೆ ಕದಡುವ ವೈಟ್ ಸಾಸ್. ಹೊಲಿಗೆಯಲ್ಲಿ ಮೊದಲ ಪಾಠ ಏಪ್ರನ್. ತಲೆಮಾರುಗಳ ಅಮೆರಿಕನ್ ಹುಡುಗಿಯರ ನೆನಪಿನಲ್ಲಿ ಈ ವಿಷಯವೆಂದರೆ ಇವೆರಡೇ. ಕಾಲೇಜಿನ ಜೀವರಸಾಯನಶಾಸ್ತ್ರಕ್ಕೂ ಶಾಲೆಯ ಏಪ್ರನ್ನಿಗೂ ನಡುವೆ ಬಿದ್ದ ಈ ಕಂದಕವನ್ನು ಮುಂದೆ ಯಾರಿಂದಲೂ ಮುಚ್ಚಲಾಗಲಿಲ್ಲ.

ಕಪ್ಪು ಹುಡುಗಿಯರಿಗೂ ಮೂಲನಿವಾಸಿ ಹುಡುಗಿಯರಿಗೂ ಸಿಕ್ಕಿದ್ದು ಇನ್ನೂ ಕಿರಿದು. 1879ರಲ್ಲಿ ಶುರುವಾದ ಕಾರ್ಲೈಲ್‌ನಂಥ ವಸತಿಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಬಿಡಿಸಿ ತಂದು ಅರ್ಧ ದಿನ ಪಾಠ, ಅರ್ಧ ದಿನ ಒಗೆತ, ಹೊಲಿಗೆ, ಅಡುಗೆ ಮಾಡಿಸಿದರು, ಆಮೇಲೆ ಬಿಳಿಯರ ಮನೆಗಳಲ್ಲಿ ಕೆಲಸಕ್ಕಿಟ್ಟರು. ಅದನ್ನು ಶಿಕ್ಷಣವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಶಾಲೆಗಳೇ ಬೇರೆ ಬೇರೆ. ಅಲಬಾಮಾದ ಟಸ್ಕೀಗಿಯಲ್ಲಿ ಮಾರ್ಗರೆಟ್ ಮರ‍್ರೆ ವಾಷಿಂಗ್ಟನ್ ಹೆಣ್ಣುಮಕ್ಕಳ ಶಿಕ್ಷಣವನ್ನು ನಡೆಸಿದರು. 1906ರಲ್ಲಿ ಅಲ್ಲಿಂದ ಹೊರಟ ಸಂಚಾರಿ ಶಾಲೆಯ ಬಂಡಿ ಹಳ್ಳಿಗಳಿಗೆ ಪಾಠವನ್ನು ಹೊತ್ತೊಯ್ದಿತು. ವಿದ್ಯಾರ್ಥಿನಿಯರ ಸಂಘಗಳು ಕೂಡ 1945ರಲ್ಲಿ ಎರಡಾಗಿ ಹುಟ್ಟಿದವು: ಬಿಳಿಯರಿಗೆ ಫ್ಯೂಚರ್ ಹೋಮ್‌ಮೇಕರ್ಸ್ ಆಫ್ ಅಮೆರಿಕ, ಕಪ್ಪು ಶಾಲೆಗಳಿಗೆ ನ್ಯೂ ಹೋಮ್‌ಮೇಕರ್ಸ್ ಆಫ್ ಅಮೆರಿಕ. ಒಂದಾದದ್ದು 1965ರಲ್ಲಿ.

ಈ ಕಿರಿದಾದ ದಾರಿಯಲ್ಲೇ ನಡೆದು ಎತ್ತರಕ್ಕೇರಿದವರು ಫ್ಲೆಮಿ ಕಿಟ್ರೆಲ್. 1904ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಹುಟ್ಟಿ, ಹ್ಯಾಂಪ್ಟನ್‌ನಲ್ಲಿ ಓದಿ, 1936ರಲ್ಲಿ ಕಾರ್ನೆಲ್‌ನಿಂದ ಡಾಕ್ಟರೇಟ್ ಪಡೆದರು. ಆ ವಿಶ್ವವಿದ್ಯಾಲಯದಲ್ಲಿ ಅದನ್ನು ಪಡೆದ ಮೊದಲ ಕಪ್ಪು ಮಹಿಳೆ. 1944ರಿಂದ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ವಿಭಾಗ ಕಟ್ಟಿದರು. 1947ರಲ್ಲಿ ಲೈಬೀರಿಯಾದಲ್ಲಿ ಸಮೀಕ್ಷೆ ಮಾಡಿ, ಹೊಟ್ಟೆ ತುಂಬಿದರೂ ದೇಹಕ್ಕೆ ಬೇಕಾದ್ದು ಸಿಗದ ಹಸಿವಿನ ಕಡೆ ಗಮನ ಸೆಳೆದರು. 1950ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಬರೋಡಾಕ್ಕೆ ಬಂದರು. ಹಂಸಾ ಮೆಹ್ತಾ ಕುಲಪತಿಯಾಗಿದ್ದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಆಗಷ್ಟೇ ಗೃಹವಿಜ್ಞಾನ ನಿಕಾಯ ತೆರೆದಿತ್ತು. ಅದರ ಪಠ್ಯಕ್ರಮ ರೂಪಿಸಲು ಕಿಟ್ರೆಲ್ ನೆರವಾದರು. ಭಾರತದಲ್ಲಿ ಅದಕ್ಕೂ ಮುಂಚೆ, 1932ರಿಂದ, ದೆಹಲಿಯ ಲೇಡಿ ಇರ್ವಿನ್ ಕಾಲೇಜು ಇತ್ತು. ಆಮೇಲೆ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಲ್ಯಾಂಡ್‌ಗ್ರಾಂಟ್ ಮಾದರಿಯಲ್ಲೇ ಬಂತು, 1974ರಲ್ಲಿ ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಬಂತು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಎಂಬ ನಮ್ಮ ವ್ಯವಸ್ಥೆಯ ಮೂಲ ಆ ಲ್ಯಾಂಡ್‌ಗ್ರಾಂಟ್ ಮಾದರಿಯೇ. ತನ್ನ ದೇಶದ ಹಲವು ಹೋಟೆಲುಗಳಲ್ಲಿ ಕೂತು ಊಟ ಮಾಡುವ ಅವಕಾಶವಿರದ ಕಾಲದಲ್ಲಿ ಕಿಟ್ರೆಲ್ ನಮ್ಮ ದೇಶಕ್ಕೆ ಬಂದು ಪೋಷಣೆಯ ಪಾಠಕ್ರಮ ಬರೆದುಕೊಟ್ಟರು. ಅವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಲೇಬೇಕು.

ಸರ್ಕಾರದೊಳಗೂ ಈ ಶಿಕ್ಷಣ ಪಡೆದವರ ಕೆಲಸ ದೊಡ್ಡದು. 1916ರಲ್ಲಿ ಕ್ಯಾರೊಲಿನ್ ಹಂಟ್ ಕೃಷಿ ಇಲಾಖೆಗಾಗಿ ಆಹಾರವನ್ನು ಐದು ಗುಂಪುಗಳಾಗಿ ವಿಂಗಡಿಸಿದರು. 1923ರಲ್ಲಿ ಅದೇ ಇಲಾಖೆಯಲ್ಲಿ ಲೂಯಿಸ್ ಸ್ಟ್ಯಾನ್ಲಿ ನೇತೃತ್ವದಲ್ಲಿ ಹೋಮ್ ಎಕನಾಮಿಕ್ಸ್ ಬ್ಯೂರೋ ಶುರುವಾಯಿತು. 1939–40ರಲ್ಲಿ ಬ್ಯೂರೋದ ರೂತ್ ಓಬ್ರಿಯನ್ ತಂಡ ಸುಮಾರು 15,000 ಹೆಂಗಸರ ಮೈಯಳತೆ ತೆಗೆಯಿತು, ಒಬ್ಬೊಬ್ಬರಿಗೆ 59 ಅಳತೆ. ಸಿದ್ಧ ಉಡುಪಿನ ಸೈಜುಗಳಿಗೆ ಅಮೆರಿಕದಲ್ಲಿ ಅದೇ ಆಧಾರವಾಯಿತು. ಬಿಳಿಯರಲ್ಲದ ಹೆಂಗಸರ ಅಳತೆಗಳನ್ನು ಮಾತ್ರ ಲೆಕ್ಕದಿಂದ ಕೈಬಿಟ್ಟರು. 1941ರಲ್ಲಿ ಯುದ್ಧ ಹೊಸ್ತಿಲಲ್ಲಿದ್ದಾಗ ಲಿಡಿಯಾ ರಾಬರ್ಟ್ಸ್, ಹೇಜಲ್ ಸ್ಟೀಬಲಿಂಗ್, ಹೆಲೆನ್ ಮಿಚೆಲ್ ಸೇರಿ ದಿನಕ್ಕೆ ಯಾರಿಗೆ ಎಷ್ಟು ಪೋಷಕಾಂಶ ಬೇಕೆಂಬ ಆರ್‌ಡಿಎ ಕೋಷ್ಟಕ ಸಿದ್ಧಪಡಿಸಿದರು. ಆಸ್ಪತ್ರೆಯ ಡಯಟೀಶಿಯನ್, ಬಿಸಿಯೂಟದ ಯೋಜನೆ, ಪೊಟ್ಟಣದ ಮೇಲಿನ ಚೀಟಿ ಇವೆಲ್ಲ ಇಂದು ಇಂಥ ಕೋಷ್ಟಕಗಳನ್ನು ನಂಬಿವೆ.

1960ರ ದಶಕದ ಹೊತ್ತಿಗೆ ನೆಲ ಕುಸಿಯತೊಡಗಿತು. ಬೇರೆ ವಿಭಾಗಗಳ ಬಾಗಿಲು ಹೆಣ್ಣುಮಕ್ಕಳಿಗೆ ನಿಧಾನವಾಗಿ ತೆರೆದವು. ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ ಈ ಹೆಸರು ಹಳತೆನಿಸಿತು. ಕಾರ್ನೆಲ್ ಕಾಲೇಜು 1969ರಲ್ಲಿ ಹ್ಯೂಮನ್ ಇಕಾಲಜಿ ಎಂದಾಯಿತು. ಅಷ್ಟರಲ್ಲಾಗಲೇ ಅಲ್ಲಿ ಮೊದಲ ಪುರುಷ ಡೀನ್ ಬಂದಿದ್ದರು. ಹೆಂಗಸರು ತಾವೇ ಕಟ್ಟಿ ಮೂರು ತಲೆಮಾರು ನಡೆಸಿದ ಕಾಲೇಜುಗಳ ಮುಖ್ಯಸ್ಥರ ಕುರ್ಚಿ, ಗೌರವದ ಹೊಸ ಹೆಸರು ಬರುವ ಹೊತ್ತಿಗೆ ಅವರ ಕೈತಪ್ಪಿದ್ದು ಹಲವೆಡೆ ನಡೆಯಿತು. ಇನ್ನೊಂದು ಏಟು ಹೆಂಗಸರ ಕಡೆಯಿಂದಲೇ ಬಿತ್ತು. 1970ರ ದಶಕದ ಆರಂಭದಲ್ಲಿ ಸ್ತ್ರೀವಾದಿ ರಾಬಿನ್ ಮಾರ್ಗನ್ ಹೋಮ್ ಎಕನಾಮಿಕ್ಸ್ ಸಂಘದ ಸಮ್ಮೇಳನಕ್ಕೇ ಬಂದು, ಹೆಣ್ಣನ್ನು ಮನೆಯೊಳಗೆ ಕೂಡಿಹಾಕುವವರು ನೀವು ಎಂದು ನೇರವಾಗಿ ಆಪಾದಿಸಿದರು. ಶಾಲೆಯ ಏಪ್ರನ್ನನ್ನು ನೋಡಿದರೆ ಆ ಮಾತಿನಲ್ಲಿ ಸತ್ಯವಿದೆ. ರಿಚರ್ಡ್ಸ್, ರೀಡ್, ಕಿಟ್ರೆಲ್ ಇವರನ್ನು ನೆನೆದರೆ ಅದು ಅನ್ಯಾಯವೂ ಹೌದು.

1972ರ ಟೈಟಲ್ ನೈನ್ ಕಾನೂನು ಹುಡುಗಿಯರಿಗಷ್ಟೇ ಅಡುಗೆ, ಹುಡುಗರಿಗಷ್ಟೇ ಮರಗೆಲಸ ಎಂಬ ಕಡ್ಡಾಯವನ್ನು ತೆಗೆಯಿತು. ಹುಡುಗರೂ ಒಲೆಯ ಮುಂದೆ ನಿಂತರು. ಆದರೆ ಯಾರಿಗೂ ಕಡ್ಡಾಯವಲ್ಲದ ಐಚ್ಛಿಕ ವಿಷಯವಾಗಿ ಅದು ಹಿಂದಕ್ಕೆ ಸರಿಯಿತು. 1993ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಸೇರಿದ ಪ್ರತಿನಿಧಿಗಳು ಕುಟುಂಬ ಮತ್ತು ಗ್ರಾಹಕ ವಿಜ್ಞಾನ ಎಂಬ ಹೆಸರನ್ನು ಒಪ್ಪಿದರು, ಮರುವರ್ಷ ರಿಚರ್ಡ್ಸ್ ಕಟ್ಟಿದ ಸಂಘವೂ ಅದೇ ಹೆಸರು ತಳೆಯಿತು. ವಿದ್ಯಾರ್ಥಿ ಸಂಘ 1999ರಲ್ಲಿ ಕುಟುಂಬ, ವೃತ್ತಿ ಮತ್ತು ಸಮುದಾಯ ನಾಯಕರ ಸಂಘವಾಯಿತು. 2012ರ ಹೊತ್ತಿಗೆ ಪ್ರೌಢಶಾಲೆಗಳಲ್ಲಿ ಈ ವಿಷಯ ಓದುತ್ತಿದ್ದವರು ಸುಮಾರು 35 ಲಕ್ಷ, ಹತ್ತು ವರ್ಷ ಹಿಂದಿನದಕ್ಕೆ ಹೋಲಿಸಿದರೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಿನ ಇಳಿಕೆ. 2010ರಲ್ಲಿ ಆಲಿಸ್ ಲಿಕ್ಟನ್‌ಸ್ಟೈನ್ ಮತ್ತು ಡೇವಿಡ್ ಲಡ್‌ವಿಗ್ ಎಂಬ ಇಬ್ಬರು ಪೋಷಣಾ ವಿಜ್ಞಾನಿಗಳು ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದು, ಮಕ್ಕಳ ಬೊಜ್ಜು ತಡೆಯಬೇಕಾದರೆ ಹೋಮ್ ಎಕನಾಮಿಕ್ಸನ್ನು ಗಂಡುಹೆಣ್ಣೆನ್ನದೆ ಎಲ್ಲರಿಗೂ ಮರಳಿ ಕಲಿಸಿ ಎಂದು ಕೇಳಿದರು. ಅಡುಗೆ, ಮನೆಯ ಬಜೆಟ್, ಆಹಾರ ಸುರಕ್ಷತೆ, ಶಿಶುಪಾಲನೆ ಕಲಿಸುವ ತರಗತಿಗಳು ಅಲ್ಲಿ ಈಗಲೂ ನಡೆಯುತ್ತಿವೆ, ಹುಡುಗರೂ ಬರುತ್ತಿದ್ದಾರೆ. ಕಲಿಸಲು ತರಬೇತಿ ಪಡೆದ ಶಿಕ್ಷಕರು ಸಿಗದೆ ಹಲವು ರಾಜ್ಯಗಳು ಹುಡುಕಾಟದಲ್ಲಿವೆ, ಏಕೆಂದರೆ ಅವರನ್ನು ತಯಾರು ಮಾಡುತ್ತಿದ್ದ ಕಾಲೇಜುಗಳಲ್ಲಿ ಎಷ್ಟೋ ಆ ಪದವಿಯನ್ನೇ ನಿಲ್ಲಿಸಿವೆ.